ಹಾಲಿನ ಬಾಟಲಿ ಮತ್ತು ಒದ್ದೆ ಬಟ್ಟೆ

ಬೀದಿನಾಯಿಯೊಂದು ಲಾರಿಗೆ ಸಿಕ್ಕಿ ಸತ್ತಿತು. ಇನ್ನೂ ಕಣ್ಣು ಬಿಡದ ಅದರ ಮರಿಗಳನ್ನು ದೇವೀರಮ್ಮ ಮನೆಗೆ ತಂದು ಸಾಕತೊಡಗಿದಳು. ಬಾಟಲಿಯಲ್ಲಿ ಹಾಲು ಕುಡಿಸುವಳು. ಆಮೇಲೆ ಹಳೆಯ ಸೀರೆಯ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಮರಿಗಳ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸುವಳು.

ಒಂದು ದಿನ ಬಾಟಲಿ ಬಟ್ಟೆಗೆ ಹೇಳಿತು: "ಈ ಮರಿಗಳಿಗೆ ಈಗ ನಾನೇ ತಾಯಿ. ಉಚ್ಚೆ ಒರೆಸುವ ನೀನು ನನ್ನ ಪಕ್ಕದಲ್ಲಿರಬೇಡ. ನಿನ್ನ ನಾತ ನನಗೆ ಅಸಹ್ಯ."

"ಹಾಗೇ ಆಗಲಿ" ಎಂದು ಬಟ್ಟೆ ಮಂಚದ ಕೆಳಗೆ ಜಾರಿಕೊಂಡಿತು.

ಅಂದು ದೇವೀರಮ್ಮ ಸಂತೆಗೆ ಹೋದಳು. ಗಂಡ ನಿಂಗೇಗೌಡ ಮರಿಗಳಿಗೆ ಹಾಲು ಕುಡಿಸಿದ. ಅವು ಕುಂಯ್‌ಗುಟ್ಟಿದವು. ಹಸಿವಿರಬೇಕೆಂದು ಮತ್ತೆ ಕುಡಿಸಿದ. ಹೊಟ್ಟೆಗಳು ಬಿಗಿದು ತಮಟೆಯಂತಾದವು. ಕೊನೆಗೆ ಅವು ಬಾಟಲಿಗೆ ಬಾಯಿಯನ್ನೇ ತೆರೆಯಲಿಲ್ಲ.

ಸಂಜೆ ಬಂದ ದೇವೀರಮ್ಮ ಗಾಬರಿಯಾದಳು. "ಒರೆಸಲಿಲ್ವೇನ್ರೀ? ತಾಯಿ ನೆಕ್ಕದೆ ಇವಕ್ಕೆ ಉಚ್ಚೆ ಬರಲ್ಲ!" ಎಂದವಳೇ ಬಟ್ಟೆಯನ್ನು ಹುಡುಕಿ, ತೊಳೆದು, ಅದ್ದಿ ಒರೆಸಿದಳು. ಮರಿಗಳು ಒಂದೊಂದಾಗಿ ಹಗುರಾಗಿ ನಿದ್ದೆಹೋದವು.

"ನಾನು ಅಷ್ಟೊಂದು ಹಾಲು ಕೊಟ್ಟೆನಲ್ಲ!" ಎಂದಿತು ಬಾಟಲಿ.

ಬಟ್ಟೆ ಹೇಳಿತು: "ಆ ತಾಯಿ ಸತ್ತಾಗ ಅವಳ ಮೊಲೆಯ ಕೆಲಸ ನಿನಗೆ ಬಂತು, ನಾಲಿಗೆಯ ಕೆಲಸ ನನಗೆ ಬಂತು. ಎರಡರಲ್ಲಿ ಯಾವುದಕ್ಕೆ ಅವಳು ಅಸಹ್ಯಪಟ್ಟಿದ್ದಳು, ಹೇಳು."