ಸಿದ್ದವ್ವನ ತಲೆಗೆ ಎಣ್ಣೆ

ಹೊಳೆಯ ದಡದಲ್ಲಿ ಒಂದು ಆಸ್ಪತ್ರೆ. ಮಿದುಳು ಹೊಮ್ಮಿಸುವ ಸಣ್ಣ ಕಾಂತಶಕ್ತಿಯನ್ನು ತಲೆಯ ಹೊರಗಿನಿಂದಲೇ ಅಳೆಯುವ ಯಂತ್ರ ಅಲ್ಲಿತ್ತು. ಮೂರ್ಛೆರೋಗ ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ಆ ಅಳತೆಯಿಂದ ಲೆಕ್ಕ ಹಾಕಿ ಹೇಳುವವರು ಈಶ್ವರಯ್ಯ. ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದವಳು ನಾಗವೇಣಿ. ಲೆಕ್ಕದಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಚೆನ್ನಾಗಿಯೇ ಗೊತ್ತಿತ್ತು.

ಒಂದು ಬೆಳಗ್ಗೆ ಅವಳು ಮುಖ ಸಪ್ಪಗೆ ಮಾಡಿಕೊಂಡು ಗುರುಗಳ ಮುಂದೆ ನಿಂತಳು.

“ಸಿದ್ದವ್ವನ ರೋಗದ ಜಾಗಾ ಸಿಕ್ಕತ್ರಿ ಗುರುಗಳೇ. ಆದ್ರ ಮಿದುಳಿನ್ಯಾಗ ಮಾತು ಹುಟ್ಟೂ ಜಾಗದ ಮ್ಯಾಲೇ ಬಂದೈತಿ. ಅಲ್ಲಿ ಕೊಯ್ದರ ಹುಡುಗಿ ಮೂಕಿ ಆಗ್ತಾಳ, ನಾ ಕತ್ತರಿ ಹಚ್ಚೂದಿಲ್ಲ ಅಂದ್ರು ಡಾಕ್ಟರು. ಊರಿಗೆ ಹೋಗ್ರಿ ಅಂತ ಅವರವ್ವಗ ನಾನೇ ಹೇಳಬೇಕು.”

“ಲೆಕ್ಕದಾಗ ಆಕಿ ತಲಿ ಯಾವ ಆಕಾರದ್ದು ಅಂತ ಹಿಡದಿ?”

“ಗುಂಡಗ, ಚೆಂಡಿನಂಗ. ಎಲ್ಲಾರಿಗೂ ಹಂಗೇ ಹಿಡೀತೀನಿ, ಲೆಕ್ಕಾ ಹಗುರ ಆಕ್ಕೈತಿ. ಮೂರು ಸಲ ಮಾಡೀನ್ರಿ, ಮೂರೂ ಸಲ ಅದೇ ಜಾಗಾ.”

ಈಶ್ವರಯ್ಯ ಕಪಾಟಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಅವಳ ಕೈಗಿಟ್ಟರು.

“ಹೋಗಿ ಆ ಹುಡುಗಿ ತಲಿಗೆ ಎಣ್ಣಿ ಹಚ್ಚಿ ಬಾ.”

ಇಷ್ಟು ಓದಿದ್ದು ಎಣ್ಣೆ ಹಚ್ಚುವುದಕ್ಕೇ ಎಂದು ಅವಳಿಗೆ ಸಿಟ್ಟು ಬಂತು. ಆದರೂ ಗುರುಗಳ ಮಾತು, ಹೋದಳು.

ವಾರ್ಡಿನಲ್ಲಿ ಸಿದ್ದವ್ವನ ತಾಯಿ ನೀಲವ್ವ ಬಟ್ಟೆ ಮಡಚುತ್ತಿದ್ದಳು. ಹದಿನೆಂಟರ ಸಿದ್ದವ್ವ ದಿನಕ್ಕೆ ನಾಲ್ಕು ಸಲ ಬಿದ್ದೇಳುವವಳು. ಬಾಯಿಗೆ ಮಾತ್ರ ಬಿಡುವಿಲ್ಲ.

“ಅಕ್ಕಾರ, ನಮ್ಮ ಎಮ್ಮಿ ಇವತ್ತ ನಾಳೆ ಈಯೂದೈತ್ರಿ. ನಾ ಇಲ್ಲಂದ್ರ ಅದು ಯಾರನ್ನೂ ಹತ್ರ ಬಿಡೂದಿಲ್ಲ.”

ಈ ಮಾತೇ ನಿಂತುಹೋದರೆ ಎಂದುಕೊಳ್ಳುತ್ತಲೇ ನಾಗವೇಣಿ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚತೊಡಗಿದಳು. ಎಣ್ಣೆ ತಿಕ್ಕುತ್ತಿದ್ದ ಅವಳ ಕೈ ಎಡಗಿವಿಯ ಮೇಲೆ ತಟ್ಟನೆ ನಿಂತಿತು. ಬಲಗಡೆ ತಲೆ ದುಂಡಗಿತ್ತು. ಎಡಗಡೆ ಅಂಗೈ ಹಲಗೆಯ ಮೇಲಿಟ್ಟಂತೆ ಚಪ್ಪಟೆಯಾಗಿ ಕೂತಿತು.

ನೀಲವ್ವ ಹೇಳಿದಳು, “ಎಂಟ ತಿಂಗಳಿಗೇ ಹುಟ್ಟಿದ ಕೂಸ್ರಿ ಇದು. ನಮ್ಮೂರಾಗ ಕೂಸಿಗೆ ಎರಿಯಾಕ ಬರೂ ಆಯಿ ಎಣ್ಣಿ ಹಚ್ಚಿ, ಒತ್ತಿ ಒತ್ತಿ ಎಲ್ಲಾರ ತಲಿ ದುಂಡಗ ಮಾಡ್ತಿದ್ಲು. ಇದನ್ನ ಮುಟ್ಟಾಕ ಅಂಜಿದ್ಲು. ಎಡ ಮಗ್ಗಲಾ ಮಲಗಿ ಮಲಗಿ ಹಂಗೇ ಉಳೀತು.”

ನಾಗವೇಣಿ ಎಣ್ಣೆಗೈಯಲ್ಲೇ ಓಡಿಬಂದಳು.

“ಗುರುಗಳೇ, ಆ ತಲಿ ಗುಂಡಗಿಲ್ರಿ.”

“ಆಕಿ ತಲಿಬುರುಡಿ ಸ್ಕ್ಯಾನ್ ಇತ್ತಲ್ಲ?”

“ಇತ್ರಿ. ಲೆಕ್ಕಕ್ಕ ತಗೊಂಡಿರಲಿಲ್ಲ.”

ಈಶ್ವರಯ್ಯ ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟರು.

ಎರಡು ದಿನ ಕೂತು ಅವಳು ಸ್ಕ್ಯಾನ್ ನೋಡಿ ಸಿದ್ದವ್ವನ ಬುರುಡೆಯ ಒಳ ಆಕಾರವನ್ನು ಕಂಪ್ಯೂಟರಿನಲ್ಲಿ ಇದ್ದಂತೆಯೇ ಕಟ್ಟಿದಳು. ಕಾಂತದ ಅಳತೆ ಹಳೆಯದೇ, ಒಂದಂಕಿಯೂ ಬದಲಾಗಲಿಲ್ಲ. ಆದರೆ ರೋಗದ ಗುರುತು ಒಂದು ಬೆರಳಗಲ ಹಿಂದಕ್ಕೆ ಸರಿದು, ಮಾತಿನ ಜಾಗ ಬಿಟ್ಟು ಆಚೆ ಕೂತಿತು. ಡಾಕ್ಟರು ಅದನ್ನು ತಿರುವಿ ಮುರುವಿ ನೋಡಿ ಆಪರೇಶನ್ನಿಗೆ ದಿನ ಗೊತ್ತುಮಾಡಿದರು.

ಆಪರೇಶನ್ ಆಗಿ ಕಣ್ಣು ಬಿಟ್ಟ ಸಿದ್ದವ್ವ ಮೊದಲು ಕೇಳಿದ್ದು ಒಂದೇ.

“ಅವ್ವಾ, ಎಮ್ಮಿ ಈತೇನ?”

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಾಗಿಲಲ್ಲಿ ನಿಂತಿದ್ದ ನಾಗವೇಣಿಗೂ ಅಳು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಅಂದು ಅವಳು ಹೊಟ್ಟೆ ತುಂಬ ಉಂಡಳು.

ತಿಂಗಳು ಕಳೆಯಿತು. ಹುಡುಗಿಗೆ ಒಮ್ಮೆಯೂ ಮೂರ್ಛೆ ಬಂದಿಲ್ಲ ಎಂದು ಊರಿನಿಂದ ಫೋನ್ ಬಂತು. ಆ ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳನ್ನು ನಾಗವೇಣಿ ಕೇಳಿದಳು.

“ಮೂರು ಸಲ ಮಾಡಿದ್ದೆನಲ್ರಿ. ನನ್ನ ಲೆಕ್ಕ ಎಲ್ಲಿ ತಪ್ಪಿತ್ತು?”

“ಲೆಕ್ಕಾ ಮೂರೂ ಸಲ ಸರೀನ ಇತ್ತು,” ಅಂದರು ಈಶ್ವರಯ್ಯ. “ಆದ್ರ ಚೆಂಡಿನಂಥಾ ತಲಿ ಇರೂ ಮನಶ್ಯಾ ಇನ್ನೂ ಹುಟ್ಟಿಲ್ಲ.”