ಅವ್ವ ಕೇಳಿದರೂ ಹೇಳದ ನಂಬರು

ನಗುವವರು ಬಾಯೊಳಗಿನ ಎಲೆಅಡಿಕೆ ಮೊದಲು ಉಗುಳಿ ಬನ್ನಿ, ಆಮೇಲೆ ನೆತ್ತಿಗೇರಿದರೆ ನನ್ನನ್ನು ಬೈಯಬೇಡಿ. ಊರ ಹೆಸರು ಬೇಡ, ಆ ಊರಿನವರು ನನ್ನ ಪರಿಚಯದವರು. ಅಲ್ಲಿ ದ್ಯಾಮವ್ವ ಅಂತ ಒಬ್ಬಳು. ಗಂಡ ಇಲ್ಲ, ಓದು ಇಲ್ಲ, ಆದರೆ ಅವಳು ಬಡಿದ ಜೋಳದ ರೊಟ್ಟಿ ಪೇಟೆಯ ಖಾನಾವಳಿಯ ತನಕ ಹೋಗುತ್ತಿತ್ತು. ಅವಳಿಗೆ ಒಬ್ಬನೇ ಮಗ, ಫಕೀರಪ್ಪ. ಅವನಿಗೆ ಓದಲು ಬರುತ್ತಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಕೂದಲೆಳೆಯೂ ಆಚೀಚೆ ಇಲ್ಲ.

ಖಾನಾವಳಿಯವರು ಎಷ್ಟು ರೊಟ್ಟಿ ಬೇಕೆಂದು ಫೋನಿಗೆ ಮೆಸೇಜು ಹಾಕುವರು, ರೊಟ್ಟಿಯ ದುಡ್ಡು ಬ್ಯಾಂಕಿಗೆ ಬೀಳುವುದು. ಮೆಸೇಜು ಓದುವ ಕೆಲಸ ಮಗನದು. ಇದನ್ನು ಕಂಡು ಮೈದುನ ಈರಸಂಗಪ್ಪನಿಗೆ ಹೊಟ್ಟೆಯುರಿ.

"ಆ ಪೆದ್ದನ ಕೈಯಾಗ ಫೋನ್ ಕೊಟ್ಟು ಕುಂತೀಯಲ್ಲ ವೈನಿ, ಒಂದಿನ ಎಲ್ಲಾ ಕಳಕೊಂತಿ. ಫೋನ್ ನನ್ನ ಕಡೆ ಕೊಡು, ರೊಟ್ಟಿ ವ್ಯವಹಾರ ನಾ ನೋಡ್ಕೋತೀನಿ."

ಫೋನು ಅವನ ಕೈಗೆ ಹೋದರೆ ತನ್ನ ಒಲೆಯ ಮುಂದೆ ತಾನೇ ಕೂಲಿಯವಳಾಗುತ್ತೇನೆ ಎಂಬುದು ದ್ಯಾಮವ್ವನಿಗೆ ಗೊತ್ತಿತ್ತು. "ನನ್ನ ಫೋನು, ನನ್ನ ಮಗ. ನೀ ನಿನ್ನ ಮನಿ ನೋಡ್ಕೊ" ಅನ್ನುವಳು.

ಒಂದು ದಿನ ಫೋನಿಗೆ ಮೆಸೇಜು ಬಂತು. ನಿಮಗೆ ಕಾರು ಬಹುಮಾನ ಬಂದಿದೆ, ಈ ನೀಲಿ ಅಕ್ಷರ ಒತ್ತಿ. ಒತ್ತು ಅಂದರೆ ಒತ್ತಬೇಕಲ್ಲ, ಫಕೀರಪ್ಪ ಒತ್ತಿದ. ನೆಟ್ ಪ್ಯಾಕು ಮುಗಿದಿತ್ತು, ದ್ಯಾಮವ್ವನ ಪುಣ್ಯ, ಏನೂ ತೆರೆಯಲಿಲ್ಲ. ಆದರೆ ಕಾರು ನಿಲ್ಲಿಸಲು ಜಾಗ ಬೇಕಲ್ಲ? ಎಮ್ಮೆಯ ಹಗ್ಗ ಬಿಚ್ಚಿ ಹೊರಗೆ ಅಟ್ಟಿದ, ಕೊಟ್ಟಿಗೆ ಸಾರಿಸಿದ, ಬಾಗಿಲಿಗೆ ರಂಗೋಲಿ ಎಳೆದು ಕಾರಿನ ದಾರಿ ಕಾಯುತ್ತ ಕುಳಿತ. ಎಮ್ಮೆ ಹೋಗಿ ಈರಸಂಗಪ್ಪನ ಜೋಳ ಮೇಯಿತು.

"ಏನ ಮಾಡಿದ್ಯೋ ಮಂಗ್ಯಾ," ಅಂದಳು ದ್ಯಾಮವ್ವ, "ಅದು ಕಳ್ಳರ ಮೆಸೇಜು. ಒತ್ತಿದ್ರ ಬ್ಯಾಂಕಿನ್ಯಾಗಿನ ರೊಕ್ಕ ಬಳಕೊಂಡು ಹೋಗ್ತಾರ. ಇನ್ನ ಮ್ಯಾಲೆ ಯಾರರ ಒತ್ತು ಅಂದ್ರ ಒತ್ತಬ್ಯಾಡ."

"ಆತವ್ವ. ಒತ್ತಂಗಿಲ್ಲ."

ಮರುದಿನ ಅವನನ್ನು ರೇಷನ್ ಅಂಗಡಿಗೆ ಕಳಿಸಿದಳು. ಅಂಗಡಿಯವನು ಹೆಬ್ಬೆಟ್ಟಿನ ಮಷಿನ್ ಮುಂದಿಟ್ಟು "ಒತ್ತು" ಅಂದ.

"ಒತ್ತಂಗಿಲ್ಲ."

"ಒತ್ತದಿದ್ರ ಅಕ್ಕಿ ಬರಂಗಿಲ್ಲಲೇ."

"ಕಾರು ಬರ್ತೈತಿ ಅಂದ್ರೂ ಒತ್ತಂಗಿಲ್ಲ, ನಿನ್ನ ಅಕ್ಕಿ ಯಾವ ಲೆಕ್ಕ?"

ಹಿಂದೆ ನಿಂತ ಸಾಲೆಲ್ಲ ಬೈಯಿತು. ಫಕೀರಪ್ಪ ಎದೆಯುಬ್ಬಿಸಿ, ಖಾಲಿ ಚೀಲ ಹೆಗಲಿಗೇರಿಸಿ, ಕುಸ್ತಿ ಗೆದ್ದವನ ಹಾಗೆ ಮನೆಗೆ ಬಂದ. ದ್ಯಾಮವ್ವ ಹಣೆ ಚಚ್ಚಿಕೊಂಡಳು.

"ಅವ ಕಳ್ಳ ಅಲ್ಲೋ, ರೇಷನ್ ಅಂಗಡಿಯಾವ. ಎದುರಿಗಿರಾವ ಯಾರು ಅಂತ ತಿಳಕೋಬೇಕು. ಯಾರರ ನಾ ಇಂಥಲ್ಲಿಂದ ಬಂದೀನಿ ಅಂದ್ರ ಅಲ್ಲೇ ಕೇಳಿ ಖಾತ್ರಿ ಮಾಡ್ಕೋಬೇಕು."

"ಆತವ್ವ. ಖಾತ್ರಿ ಮಾಡ್ಕೋತೀನಿ."

ಆ ವಾರವೇ ರೊಟ್ಟಿ ಒಯ್ಯಲು ಖಾನಾವಳಿಯ ಹೊಸ ಆಳು ಬೈಕಿನಲ್ಲಿ ಬಂದ. ದ್ಯಾಮವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಫಕೀರಪ್ಪ ಅವನನ್ನು ಬಿಸಿಲಲ್ಲಿ ನಿಲ್ಲಿಸಿ, ಮನೆಗೆ ಕೀಲಿ ಹಾಕಿ, ನಡೆದುಕೊಂಡೇ ಪೇಟೆ ಮುಟ್ಟಿದ. ಖಾನಾವಳಿಯ ತುಂಬ ಉಣ್ಣುವವರು ರೊಟ್ಟಿಯ ದಾರಿ ನೋಡುತ್ತ ಕೂತಿದ್ದರು.

"ನಮ್ಮ ಮನಿ ಮುಂದ ನಿಂತಾವ ನಿಮ್ಮಾವನ ಹೌದೇನ್ರಿ?"

"ನಮ್ಮಾವನ ಹೌದೋ ಮಾರಾಯಾ," ಅಂದ ಮಾಲೀಕ, "ರೊಟ್ಟಿ ಎಲ್ಲಿ?"

"ಕೀಲಿ ಹಾಕಿ ಇಟ್ಟೀನ್ರಿ. ಈಗ ಖಾತ್ರಿ ಆತಲ್ಲ, ಹೋಗಿ ಕೊಡ್ತೀನಿ."

ಅವತ್ತು ಖಾನಾವಳಿಯಲ್ಲಿ ಎಲ್ಲರೂ ಬರೀ ಅನ್ನ ಉಂಡು ಹೋದರು. ಸುದ್ದಿ ತಿಳಿದ ಈರಸಂಗಪ್ಪ ಓಣಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದ. "ಇನ್ನೊಂದು ತಪ್ಪು ಆಗಲಿ ವೈನಿ, ಫೋನ್ ನಾನ ಒಯ್ತೀನಿ."

"ತಪ್ಪು ಆದ್ರ ನನ್ನ ಮನ್ಯಾಗ ಆಗತೈತಿ. ನಿನಗ್ಯಾಕ ಉರಿ?" ಅಂದಳು ದ್ಯಾಮವ್ವ. ಬಾಯಿ ಗಟ್ಟಿ ಇತ್ತು, ಒಳಗೆ ಹೆದರಿದ್ದಳು. ಆ ದಿನ ಮಗನನ್ನು ಕೂಡಿಸಿಕೊಂಡು, ಮಹಿಳಾ ಸಂಘದಲ್ಲಿ ಬ್ಯಾಂಕಿನ ಮೇಡಂ ಹೇಳಿದ್ದನ್ನೆಲ್ಲ ನೆನಪಿಸಿಕೊಂಡು ಬುದ್ಧಿ ಹೇಳಿದಳು.

"ಫೋನಿಗೆ ಗುಟ್ಟಿನ ನಂಬರು ಬರ್ತೈತಿ ನೋಡು, ಅದನ್ನ ಯಾರಿಗೂ ಹೇಳಬ್ಯಾಡ. ಈರಸಂಗಪ್ಪ ಕಾಕಾ ಕೇಳಿದ್ರೂ ಬ್ಯಾಡ, ಬ್ಯಾಂಕಿನಾವ್ರು ಕೇಳಿದ್ರೂ ಬ್ಯಾಡ, ನಾ ಕೇಳಿದ್ರೂ ಬ್ಯಾಡ."

"ಆತವ್ವ. ನೀ ಕೇಳಿದ್ರೂ ಹೇಳಂಗಿಲ್ಲ."

ಕೆಲವು ದಿನ ಸುಮ್ಮನೆ ಕಳೆದವು. ಆಮೇಲೊಂದು ಮುಂಜಾನೆ ದ್ಯಾಮವ್ವ ಹಿಟ್ಟು ನಾದುತ್ತಿದ್ದಾಗ ಫೋನು ಹೊಡೆದುಕೊಂಡಿತು. ಮಗ ಎತ್ತಿ, ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದ. ಈರಸಂಗಪ್ಪ ಕಟ್ಟೆಯ ಮೇಲೇ ಕೂತಿದ್ದ. ಫೋನಿನೊಳಗಿನ ದನಿ ಬೆಣ್ಣೆಯ ಹಾಗಿತ್ತು.

"ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದ್ದೇವೆ. ನಿಮ್ಮ ಖಾತೆ ಇವತ್ತು ಬಂದ್ ಆಗ್ತದೆ. ಈಗ ಒಂದು ನಂಬರು ಬಂದಿದೆ ನೋಡಿ, ಹೇಳಿದರೆ ಉಳಿಸಿಕೊಡ್ತೇವೆ."

ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ರೊಟ್ಟಿ ಬಡಿದು ಬಡಿದು ಕೂಡಿಸಿದ್ದೆಲ್ಲ ಅಲ್ಲೇ ಇತ್ತು. ಹೆದರಿಕೆಯಲ್ಲಿ, ತಾನು ಹೇಳಿದ ಬುದ್ಧಿ ತನಗೇ ಮರೆತುಹೋಯಿತು.

"ಫಕೀರಾ, ನಂಬರು ಓದು."

"ಓದಂಗಿಲ್ಲ."

"ನಾ ನಿಮ್ಮವ್ವ ಹೇಳಾಕತ್ತೀನಿ."

"ಅವ್ವ ಕೇಳಿದ್ರೂ ಹೇಳಬ್ಯಾಡ ಅಂತ ಅವ್ವ ಹೇಳ್ಯಾಳ."

"ಲಗೂ ಹೇಳಲೇ, ಎಲ್ಲಾ ಹೋಗತೈತಿ" ಅಂತ ಈರಸಂಗಪ್ಪ ಫೋನು ಕಸಿಯಲು ಬಂದ. ಫಕೀರಪ್ಪ ಏಣಿ ಹತ್ತಿ ಮಾಳಿಗೆ ಸೇರಿ, ಏಣಿಯನ್ನೂ ಮೇಲಕ್ಕೆಳೆದುಕೊಂಡ. ಅಲ್ಲಿಂದ ಫೋನಿಗೆ ಬಾಯಿ ಹಚ್ಚಿ, "ನಿಮಗೂ ಹೇಳಂಗಿಲ್ರಿ" ಅಂದ. ಬೆಣ್ಣೆಯಂಥ ದನಿ ಒಮ್ಮೆಲೇ ಕೆಟ್ಟಿತು. ಅವ್ವ, ಅಪ್ಪ, ಅಜ್ಜಿ ಯಾರನ್ನೂ ಬಿಡದೆ ಹೊಲಸು ಬೈದು ಫೋನಿಟ್ಟಿತು. ಓಣಿಯೇ ಕೇಳಿಸಿಕೊಂಡಿತು. ಬ್ಯಾಂಕಿನವರ ಬಾಯಲ್ಲಿ ಇಂಥ ಮಾತು ಬರುವುದಿಲ್ಲ ಎಂದು ದ್ಯಾಮವ್ವನಿಗೂ ಹೊಳೆಯಿತು, ಈರಸಂಗಪ್ಪನಿಗೂ ಹೊಳೆಯಿತು.

"ನಾ ಹೇಳಿಬಿಡ್ತಿದ್ದೆ, ನೀ ಹೇಳಸ್ತಿದ್ದಿ," ಅಂದಳು ದ್ಯಾಮವ್ವ ಮೈದುನನಿಗೆ. "ನನ್ನ ಪೆದ್ದ ಹೇಳಲಿಲ್ಲ. ಫೋನು ಯಾರ ಕೈಯಾಗ ಇರಬೇಕು, ಈಗ ಹೇಳು." ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ತರುವ ಮಾಬೂಸಾಬನ ಗಾಡಿ ಬಂತು. "ದ್ಯಾಮಕ್ಕ, ನಿನ್ನ ಫೋನಿಗೆ ನಂಬರು ಬಂದಿರ್ತೈತಿ, ಹೇಳು. ಅದಿಲ್ದ ಸಿಲಿಂಡರ್ ಇಳಿಸಾಕ ಬರಂಗಿಲ್ಲ."

ಎಲ್ಲರೂ ಮಾಳಿಗೆ ನೋಡಿದರು.

"ಹೇಳಂಗಿಲ್ಲ" ಅಂದ ಫಕೀರಪ್ಪ.

ಈರಸಂಗಪ್ಪನ ಮುಖ ಅರಳಿತು. "ನೋಡು ನಿನ್ನ ಶಾಣ್ಯಾ ಮಗನ್ನ. ಅವ ಗ್ಯಾಸಿನ ಮಾಬೂಸಾಬ, ದಿನಾ ನೋಡೋ ಮನಿಷ್ಯಾ. ಬೈ ಈಗ, ಬೈದು ಬುದ್ಧಿ ಹೇಳು."

ದ್ಯಾಮವ್ವ ಬೈಯಲೆಂದೇ ಬಾಯಿ ತೆರೆದಳು. ಮೈದುನನನ್ನು ನೋಡಿದಳು, ನಗಲು ಕಾಯುತ್ತಿದ್ದ ಓಣಿಯನ್ನು ನೋಡಿದಳು. ಹಿಟ್ಟಿನ ಕೈ ಸೊಂಟಕ್ಕಿಟ್ಟು ತಲೆ ಮೇಲೆತ್ತಿದಳು.

"ಹೇಳಬ್ಯಾಡ ಮಗನ. ಯಾರು ಕೇಳಿದ್ರೂ ಹೇಳಬ್ಯಾಡ."

ಸಿಲಿಂಡರು ಬಂದ ದಾರಿ ಹಿಡಿಯಿತು. ದ್ಯಾಮವ್ವ ಹಿತ್ತಲಿನಿಂದ ಕಟ್ಟಿಗೆ ತಂದು, ಓಣಿಯ ಕಣ್ಣಿಗೆಲ್ಲ ಹೊಗೆ ಹೋಗುವ ಹಾಗೆ ಅಂಗಳದಲ್ಲೇ ಒಲೆ ಹಚ್ಚಿ, ಖಾನಾವಳಿಯ ರೊಟ್ಟಿ ಅಷ್ಟೂ ಬಡಿದು ಮುಗಿಸಿದಳು. ಕೊನೆಗೆ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, "ಏಣಿ ಬಿಡೋ, ಉಣ್ಣಾಕ ಬಾ" ಅಂದಳು.

"ಏಣಿ ಬಿಟ್ರ ಕಾಕಾ ಹತ್ತತಾನ."

ಅದೂ ಖರೆ ಅನಿಸಿತು ಅವಳಿಗೆ. ರೊಟ್ಟಿ ಮಡಿಚಿ ಮಾಳಿಗೆಗೆ ಎಸೆದಳು. ಪೆದ್ದ ಒಂದು ಕೈಯಲ್ಲಿ ಫೋನು ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ರೊಟ್ಟಿ ಹಿಡಿದು, ಅಲ್ಲೇ ಕೂತು ತಿಂದ.