ಕೊಕ್ಕರೆ ಇಳಿದ ಹಾಗೆ

"ಮೇಷ್ಟ್ರೇ, ನನ್ನಲ್ಲಿರುವ ಒಳ್ಳೆಯದನ್ನು ಮಾತ್ರ ಮಗನಿಗೆ ಕೊಡುವುದು ಹೇಗೆ?"

ಕೇಳಿದವನು ನಂಜರಾಜ. ಒಂದು ಕಾಲದಲ್ಲಿ ಬ್ಯಾಂಕಿನ ತಂಡದಲ್ಲಿ ಸಂಬಳಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವನು. ಆಟ ಕಲಿತದ್ದು ಈ ಮೇಷ್ಟ್ರ ಕೈಯಲ್ಲಿ. ಈಗ ಅವನ ಮಗ ಕಾಲೇಜು ತಂಡಕ್ಕೆ ಆಯ್ಕೆಯಾಗಿದ್ದ. ಮರುದಿನದಿಂದ ತಾನೇ ನಿಂತು ಕಲಿಸಬೇಕು ಅಂತ ನಂಜರಾಜನಿಗೆ ಆಸೆ.

ಮೇಷ್ಟ್ರು ಕೋರ್ಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಸರಿದು ಜಾಗ ಕೊಟ್ಟರು. ಅವನು ಕೂತ ಮೇಲೆ ಹೇಳತೊಡಗಿದರು.

"ಮಗೂಗೆ ಎರಡು ಕಾಲು ಅವೆ ಕಣ್ರೀ."

ಒಬ್ಬ ಆಟಗಾರನಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಇದು. ಅವಳು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು. ಅವನು ಗಂಜಿ ಕುಡಿಸುತ್ತಿದ್ದ. ಜ್ವರ ನೆತ್ತಿಗೇರಿ ಏನೋ ಅನ್ನುತ್ತಿದ್ದಾಳೆ ಅಂದುಕೊಂಡ.

"ಇರದೆ ಮತ್ತೆ? ನಿನ್ನ ಮಗನಿಗೆ ಮೂರು ಇರ್ತವಾ?" ಅಂದ.

ಅವಳು ನಗಲಿಲ್ಲ. ಬಾಯಿ ಒರೆಸಿ ಅಂತ ಸನ್ನೆ ಮಾಡಿದಳು. ಒರೆಸಿದ. ಲೋಟ ತೊಳೆದುಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಆ ಆಟಗಾರ ರೈಲ್ವೆ ತಂಡದಲ್ಲಿದ್ದವನು. ದೊಡ್ಡ ಹೆಸರು. ಜನ ಅವನನ್ನು ಕೊಕ್ಕರೆ ಅನ್ನುತ್ತಿದ್ದರು. ಚೆಂಡು ಹಿಡಿದು ಹಾರಿ, ರಿಂಗಿಗೆ ಹಾಕಿ, ಬಲಗಾಲೊಂದರ ಮೇಲೆ ಇಳಿಯುತ್ತಿದ್ದ. ಎಡಗಾಲು ಮಡಚಿಕೊಂಡು ಮೇಲೇ ಇರುತ್ತಿತ್ತು. ಗದ್ದೆಯ ನೀರಿಗೆ ಕೊಕ್ಕರೆ ಇಳಿದು ನಿಂತ ಹಾಗೆ. ಅದನ್ನು ನೋಡುವುದಕ್ಕೆಂದೇ ಜನ ಬರುತ್ತಿದ್ದರು. ಶಿಳ್ಳೆ ಹೊಡೆಯುತ್ತಿದ್ದರು.

ಅದು ಕಲಿತ ವಿದ್ಯೆ ಅಲ್ಲ. ತಂಡಕ್ಕೆ ಸೇರಿದ ಹೊಸತರಲ್ಲಿ ಅವನ ಎಡಪಾದದ ಕೀಲು ಮುರಿದಿತ್ತು. ಮುರಿದದ್ದು ಗೊತ್ತಾದರೆ ತಂಡದಿಂದ ತೆಗೆದು ಗೂಡ್ಸ್ ಶೆಡ್ಡಿಗೆ ಹಾಕುತ್ತಿದ್ದರು. ಯಾರಿಗೂ ಹೇಳಲಿಲ್ಲ. ಹಳ್ಳಿಗೆ ಹೋಗಿ ನಾಟಿ ಕಟ್ಟು ಹಾಕಿಸಿಕೊಂಡು ಬಂದ. ಕೀಲು ಸೊಟ್ಟಗೆ ಕೂತಿತು. ಆ ಕಾಲಿನ ಮೇಲೆ ಇಳಿದರೆ ಪ್ರಾಣ ಹೋಗುವಂಥ ನೋವು. ಅದಕ್ಕೆ ಇನ್ನೊಂದರ ಮೇಲೆ ಇಳಿದ. ಯಾಕೆ ಹೀಗೆ ಅಂತ ಯಾರೋ ಕೇಳಿದರು. "ಇದು ನನ್ನ ಸ್ಟೈಲು" ಅಂದ. ಅವನ ಬಲಗಾಲು ಗಟ್ಟಿ. ಆಟ ಬಿಡುವವರೆಗೂ ತಡೆಯಿತು.

ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವನು ಆಟ ಮುಗಿಸಿ ಬಂದ ಮೇಲೆ ಹಂಚಿನಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಾಗಿಲು ಹಾಕಿ, ಆ ಕೀಲಿಗೆ ಶಾಖ ಕೊಡುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ. ಹೊರಗೆ ಹೊರಟರೆ ದಪ್ಪ ಕಾಲುಚೀಲ. ಅದನ್ನು ಯಾರೆದುರಿಗೂ ಬಿಚ್ಚುತ್ತಿರಲಿಲ್ಲ. ದೇವರಿಗೂ ಹೊರಗಿನಿಂದಲೇ ಕೈ ಮುಗಿಯುತ್ತಿದ್ದ.

ಆಡುವ ವಯಸ್ಸು ಮುಗಿಯಿತು. ನೋವು ಕಡಿಮೆಯಾಯಿತು. ಹೆಸರು ಉಳಿಯಿತು. ಸ್ಟೈಲು ಸ್ಟೈಲು ಅಂತ ಹೇಳಿ ಹೇಳಿ, ಕಡೆಗೆ ಅವನಿಗೇ ಅದು ನಿಜ ಅನ್ನಿಸಿಬಿಟ್ಟಿತು.

ಮಗನ ಕೈಗೆ ಚೆಂಡು ಕೊಟ್ಟ. ಮಗ ಹಾರಿ ಎರಡು ಕಾಲಿನ ಮೇಲೆ ಇಳಿದ. ಎಲ್ಲ ಮಕ್ಕಳೂ ಹಾಗೇ ಇಳಿಯುವುದು. ಅಪ್ಪ ಗದರಿದ.

"ಎಮ್ಮೆ ಬಿದ್ದ ಹಾಗೆ ಬೀಳ್ತೀಯಲ್ಲೋ! ಕೊಕ್ಕರೆ ಮಗ ನೀನು. ಎಡಗಾಲು ನೆಲಕ್ಕೆ ಊರಬೇಡ."

ಮಗ ಊರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ಮರೆತಿದ್ದಾನೆ ಅಂತ ಅವಳಿಗೆ ತಿಳಿಯಿತು. ಮಗನ ಎದುರಿಗೆ ಹೇಳಿದರೆ ಗಂಡನ ಹೆಸರು ಕೆಡುತ್ತದೆ. ಒಳಗೆ ಹೋದಳು.

ಮಗ ಕಾಲೇಜು ತಂಡಕ್ಕೆ ಸೇರಿದ. ಅಲ್ಲಿ ಅಂಥ ಹುಡುಗರು ಇನ್ನೂ ಇದ್ದರು. ಒಬ್ಬನ ಅಪ್ಪ ಪೊಲೀಸ್ ತಂಡದಲ್ಲಿ ಆಡಿದವನು. ಇನ್ನೊಬ್ಬನ ಅಪ್ಪ ಕಾರ್ಖಾನೆ ತಂಡದಲ್ಲಿ ಆಡಿದವನು. ಪಂದ್ಯ ಇದ್ದರೆ ಅಪ್ಪಂದಿರು ಮೆಟ್ಟಿಲ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಮಕ್ಕಳು ಎದುರು ತಂಡದ ಮೇಲೆ ಆಡುತ್ತಿದ್ದರು. ಅಪ್ಪಂದಿರು ಒಬ್ಬರ ಮೇಲೊಬ್ಬರು ಆಡುತ್ತಿದ್ದರು. "ನೋಡಿದ್ಯಾ, ನನ್ನ ಕೈ ಅದು" ಅಂತ ಒಬ್ಬ. "ಕೈ ನಿನ್ನದು, ತಲೆ ಅವರಮ್ಮಂದು. ಅದಕ್ಕೇ ಗೆಲ್ತಾ ಅವ್ನೆ" ಅಂತ ಇನ್ನೊಬ್ಬ. ಹುಡುಗರು ಈ ಮಗನನ್ನು ಮರಿಕೊಕ್ಕರೆ ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಅಪ್ಪ ಮೀಸೆ ಸವರಿಕೊಳ್ಳುತ್ತಿದ್ದ.

ಆ ವರ್ಷವೇ ಹೆಂಡತಿ ಹೋದದ್ದು. ತಿಥಿ ಮುಗಿದ ಮೇಲೆ ಮಗ ಅಂದ:

"ಅಪ್ಪ, ನಾನು ಆಟ ಬಿಡ್ತೀನಿ. ಮಂಡಿ ನೋಯುತ್ತೆ."

"ನಿಮ್ಮಮ್ಮ ಬಿಟ್ಟು ಹೋದ್ಲು. ನೀನೂ ಬಿಟ್ಟು ಹೋಗು" ಅಂದ ಅಪ್ಪ.

ಮಗ ಬಗ್ಗಿ ಶೂ ಕಟ್ಟಿಕೊಂಡ.

ವಿಶ್ವವಿದ್ಯಾಲಯದ ಪಂದ್ಯ ಬಂತು. ರೈಲ್ವೆಯವರು ಹುಡುಗರನ್ನು ಆರಿಸಿಕೊಳ್ಳಲು ಬಂದು ಕೂತಿದ್ದರು. ತಾನು ಆಡಿದ ತಂಡಕ್ಕೇ ಮಗನೂ ಹೋಗುತ್ತಾನೆ ಅಂತ ಅಪ್ಪನಿಗೆ ಅನುಮಾನವೇ ಇರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಮಗನಿಗೆ ಚೆಂಡು ಸಿಕ್ಕಿತು. ಹಾರಿದ. ಅವನು ಇನ್ನೂ ಗಾಳಿಯಲ್ಲಿದ್ದ. ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದ ಪೊಲೀಸ್ ತಂಡದವನು ಅಪ್ಪನ ತೊಡೆ ತಟ್ಟಿ, "ನೀನೇ ಕಣಯ್ಯ ಕೊಕ್ಕರೆ! ಥೇಟ್ ನೀನೇ!" ಅಂದ.

ಚೆಂಡು ರಿಂಗಿಗೆ ಬಿತ್ತು. ಮಗ ಬಲಗಾಲಿನ ಮೇಲೆ ಇಳಿದ. ಮಂಡಿ ಒಳಕ್ಕೆ ತಿರುಗಿತು. ಒಣಕಡ್ಡಿ ಮುರಿದ ಸದ್ದು ಮೇಲಿನ ಮೆಟ್ಟಿಲವರೆಗೂ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿ ನೋಡಿದರು. ಇನ್ನೊಂದು ಕಾಲನ್ನೂ ಒತ್ತಿ ಒತ್ತಿ ನೋಡಿದರು.

"ಎಡಗಾಲಿಗೆ ಹಿಂದೆ ಯಾವಾಗ ಪೆಟ್ಟಾಗಿತ್ತು?"

"ಆಗಿಲ್ಲ" ಅಂದ ಅಪ್ಪ.

"ಮತ್ತೆ ಅದನ್ನು ಯಾಕಪ್ಪ ಊರಲ್ಲ ನೀನು? ಇಷ್ಟು ವರ್ಷ ಎಲ್ಲ ಭಾರ ಇದೊಂದರ ಮೇಲೇ ಹಾಕಿದ್ದೀಯ."

"ಊರಬೇಡ ಅಂದಿದ್ದಾರೆ ಸರ್" ಅಂದ ಮಗ. ಅಪ್ಪನ ಕಡೆ ನೋಡಲಿಲ್ಲ.

ಡಾಕ್ಟರು ಮಂಡಿಯ ಮೇಲೆ ಹೊದಿಕೆ ಎಳೆದರು. ಮುಂದೆ ನಡೆಯಬಹುದು, ಇನ್ನು ಹಾರುವ ಹಾಗಿಲ್ಲ ಅಂತ ಹೇಳಿ ಹೋದರು.

ಆಗ ಅವನಿಗೆ ಹೆಂಡತಿಯ ಮಾತು ಅರ್ಥವಾಯಿತು. ಇಂಥದೇ ಮಂಚದಲ್ಲಿ ಮಲಗಿ ಹೇಳಿದ್ದಳು. ಗಂಜಿ ಕುಡಿಸುತ್ತಾ ತಮಾಷೆ ಮಾಡಿದ್ದ. ಅವನು ಸ್ಟೂಲಿನ ಮೇಲೆ ಕೂತು ಎಡಗಾಲಿನ ಚೀಲ ಬಿಚ್ಚಿದ. ಕಾಲೆತ್ತಿ ಮಗನ ಮಂಚದ ಅಂಚಿಗೆ ಇಟ್ಟ. ಸೊಟ್ಟ ಕೀಲನ್ನು ಮಗ ಮೊದಲ ಸಲ ನೋಡಿದ. ಬಹಳ ಹೊತ್ತು ನೋಡಿದ.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮಗ ಗೋಡೆಯ ಕಡೆ ತಿರುಗಿ ಮಲಗಿದ.

ಅಪ್ಪ ಮನೆಗೆ ಬಂದ. ಕಾಲು ನೋಯುತ್ತಿತ್ತು. ಅಡುಗೆಮನೆಗೆ ಹೋದ. ಶಾಖದ ಬಟ್ಟೆಗಂಟು ಮೊಳೆಯಲ್ಲಿ ತೂಗುತ್ತಿತ್ತು. ಅವಳು ತೂಗುಹಾಕಿದ್ದು. ಮುಟ್ಟಿ ನೋಡಿದ. ಒಳಗಿನ ಉಪ್ಪು ಕಲ್ಲಾಗಿತ್ತು. ಅದನ್ನು ಹೇಗೆ ಕಾಯಿಸುವುದು ಅಂತಲೂ ಅವನಿಗೆ ಗೊತ್ತಿರಲಿಲ್ಲ.

ಬೆಳಗ್ಗೆ ಎದ್ದು ಬರಿಗಾಲಲ್ಲಿ ಊರಿನ ಕೋರ್ಟಿಗೆ ಹೋದ. ಮಕ್ಕಳು ಆಡುತ್ತಿದ್ದರು. ಒಂದೊಂದೂ ಹಾರುತ್ತಿತ್ತು, ಒಂಟಿಕಾಲಲ್ಲಿ ಇಳಿಯುತ್ತಿತ್ತು. ಕೊಕ್ಕರೆಯ ಊರಿನ ಮಕ್ಕಳು, ಮರಿಕೊಕ್ಕರೆಯನ್ನು ನೋಡಿ ಕಲಿತವು. ಹಿಂದಿನ ದಿನದವರೆಗೂ ಅದನ್ನು ನೋಡಿ ಹಿಗ್ಗಿದ್ದವನು ಅವನೇ.

ಬಾಯಲ್ಲಿ ಹೇಳಬಹುದಿತ್ತು. ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಆಡಿ ತೋರಿಸುವುದು ಗೊತ್ತಿತ್ತು, ಅಷ್ಟೇ. ರಿಂಗಿನ ಕೆಳಗೆ ಹೋಗಿ ನಿಂತ.

"ಎಲ್ಲ ಬನ್ರೋ ಇಲ್ಲಿ. ಸರಿಯಾಗಿ ನೋಡಿ. ಹೀಗೆ ಇಳೀಬೇಕು."

ಹಾರಿದ. ಎರಡು ಕಾಲಿನ ಮೇಲೆ ಇಳಿದ. ಎಡಗಾಲು ಮಡಚಿಕೊಂಡಿತು. ಬಿದ್ದ. ಕಂಬ ಹಿಡಿದು ಎದ್ದ. ಮತ್ತೆ ಹಾರಿದ. ಇಳಿದ. ಬಿದ್ದ. ಮೊಣಕೈ ತರಚಿ ರಕ್ತ ಬಂತು. ಮತ್ತೆ ಎದ್ದ. ಇನ್ನು ಏಳಲಾಗದು ಅನ್ನುವವರೆಗೂ ಹಾಗೇ ಮಾಡಿದ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಕೊಕ್ಕರೆ ಆಡುವುದನ್ನು ಅವರು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮೇಷ್ಟ್ರು ನಿಲ್ಲಿಸಿದರು. ನಂಜರಾಜ ಕಾದ.

"ಆ ಮಕ್ಕಳಾದರೂ ಎರಡು ಕಾಲಲ್ಲಿ ಇಳಿಯೋದು ಕಲಿತವಾ ಮೇಷ್ಟ್ರೇ?"

"ಕಲಿತವು ನಂಜರಾಜ. ಇಳಿದ ಮೇಲೆ ಬೀಳೋದನ್ನೂ ಕಲಿತವು."